ಹಳೆಯ ಟ್ರಕ್ಕಿಗೆ ಹೊಸ ಸಸ್ಪೆನ್ಷನ್: ಕಿಟ್ಟಿನ ಬೆಲೆ ಬೇರೆ, ಕೆಲಸದ ವೆಚ್ಚ ಬೇರೆ

ಅಮೆರಿಕದಲ್ಲಿ 1950ರ ದಶಕದ ಪಿಕಪ್ ಟ್ರಕ್ಕುಗಳನ್ನು ನವೀಕರಿಸಿ ಮತ್ತೆ ರಸ್ತೆಗಿಳಿಸುವುದು ಹವ್ಯಾಸವಾಗಿ ಆರಂಭಗೊಂಡು, ಕ್ರಮೇಣ ಅನೇಕ ಸಣ್ಣ ವರ್ಕ್‌ಷಾಪ್‌ಗಳಿಗೂ ಬಿಡಿಭಾಗ ತಯಾರಕರಿಗೂ ಉದ್ಯೋಗವಾಗಿ ಪರಿಣಮಿಸಿದೆ. ಇದರಲ್ಲಿ ಒಳ್ಳೆಯ ಬೇಡಿಕೆಯುಳ್ಳ ಕೆಲಸವೆಂದರೆ ಮುಂಭಾಗದ ಸ್ವತಂತ್ರ ಸಸ್ಪೆನ್ಷನ್ ಅಳವಡಿಕೆ. ವರ್ಕ್‌ಷಾಪ್ ಮಾಲೀಕನು ಅಂದಾಜಿನಲ್ಲಿ ಎಡವುವ ಸಂಭವವೂ ಇಲ್ಲಿಯೇ ಹೆಚ್ಚು.

1953ರಿಂದ 1956ರವರೆಗಿನ ಫೋರ್ಡ್ ಎಫ್-100 ಟ್ರಕ್ಕನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮುಂದಿನ ಚಕ್ರಗಳೆರಡನ್ನೂ ಒಂದೇ ಉಕ್ಕಿನ ಆಕ್ಸಲ್ ಜೋಡಿಸುತ್ತದೆ; ಭಾರ ಹೊರುವುದು ಲೀಫ್ ಸ್ಪ್ರಿಂಗ್. ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದೂ ವಾಲುತ್ತದೆ. ಹೊರೆ ಸಾಗಿಸುವ ವಾಹನಕ್ಕೆ ಇದು ದೋಷವಲ್ಲ, ಗಟ್ಟಿಮುಟ್ಟಾದ ಏರ್ಪಾಡೇ ಸರಿ. ಕಾರಿನಂತೆ ಓಡಿಸಬಯಸುವವನಿಗೆ ಮಾತ್ರ ಒರಟು. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಪ್ರತಿ ಚಕ್ರವೂ ಮೇಲೊಂದು, ಕೆಳಗೊಂದು ತೋಳಿನ ಆಧಾರದಲ್ಲಿ ತನ್ನಷ್ಟಕ್ಕೆ ಏರಿಳಿಯುತ್ತದೆ.

ಈ ಮಾರ್ಪಾಡಿಗೆ ಮಾದರಿಯಾದದ್ದು 1974ರಿಂದ 1978ರವರೆಗಿನ ಮಸ್ಟಾಂಗ್ 2 ಎಂಬ ಚಿಕ್ಕ ಕಾರು. ಅದರ ಮುಂಭಾಗ ಅಡಕವಾಗಿದ್ದು, ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಹಾಗೂ ಡಿಸ್ಕ್ ಬ್ರೇಕ್‌ಗಳನ್ನು ಹೊಂದಿತ್ತು. ಮೊದಮೊದಲು ಮೆಕ್ಯಾನಿಕ್‌ಗಳು ಗುಜರಿಯಿಂದ ಈ ಭಾಗಗಳನ್ನು ತಂದು ಹಳೆಯ ಚಾಸಿಗೆ ಅಳವಡಿಸುತ್ತಿದ್ದರು. ಗುಜರಿ ಸರಕು ವಿರಳವಾದಂತೆ ಸಣ್ಣ ತಯಾರಕರು ಅದೇ ರಚನೆಯ ಕ್ರಾಸ್ ಮೆಂಬರ್, ತೋಳು, ಸ್ಪಿಂಡಲ್‌ಗಳನ್ನು ಹೊಸದಾಗಿಯೇ ತಯಾರಿಸತೊಡಗಿದರು. ಮೂಲ ಕಾರು ಮರೆಯಾದರೂ ಅದರ ರಚನೆ ಮಾರುಕಟ್ಟೆಯ ಮಾನಕವಾಗಿ ಉಳಿಯಿತು. ವಿನ್ಯಾಸಕ್ಕೆಂದು ಹಣ ಸುರಿಯಲಾರದ ಸಣ್ಣ ಕಾರ್ಖಾನೆಗೆ ಇಂತಹ ಅನುಕೂಲ ಸಿಗುವುದು ಅಪರೂಪ.

ಗ್ರಾಹಕನು ಕ್ಯಾಟಲಾಗಿನಲ್ಲಿ ಕಾಣುವುದು ಕಿಟ್ಟಿನ ಬೆಲೆಯನ್ನಷ್ಟೆ. ಹಳೆಯ ಆಕ್ಸಲ್ ಕಳಚುವ ಮೊದಲೇ ಚಕ್ರದ ಮಧ್ಯರೇಖೆಯನ್ನು ಚಾಸಿಯ ಮೇಲೆ ಗುರುತಿಸಬೇಕು. ತಪ್ಪಿದರೆ ಚಕ್ರವು ಮಡ್‌ಗಾರ್ಡಿನ ನಡುವೆ ಕೂರುವುದಿಲ್ಲ. ಚಾಸಿಯ ತೊಲೆಗಳಿಗೆ ಒಳಗಿನಿಂದ ಉಕ್ಕಿನ ತಗಡು ಕೊಟ್ಟು ಬಲಪಡಿಸಬೇಕು. ಸ್ಟೀರಿಂಗ್‌ಗೆ ಹೊಸ ಶಾಫ್ಟ್ ಹಾಗೂ ಯೂನಿವರ್ಸಲ್ ಜಾಯಿಂಟ್, ಡಿಸ್ಕ್ ಬ್ರೇಕ್‌ಗೆ ತಕ್ಕ ಮಾಸ್ಟರ್ ಸಿಲಿಂಡರ್ ಬೇಕು. ಕೆಲವೊಮ್ಮೆ ಎಂಜಿನ್ನಿನ ಮೌಂಟ್‌ಗಳನ್ನೂ ಬದಲಿಸಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎಫ್-100ರ ಚಕ್ರದ ಐದು ಬೋಲ್ಟ್‌ಗಳ ವೃತ್ತ 5.5 ಅಂಗುಲ, ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಬರುವುದು 4.5 ಅಂಗುಲ. ಮುಂದಿನ ಚಕ್ರ ಹಿಂದಕ್ಕೆ ಹೊಂದದು. ಆಗ ಹಿಂಭಾಗದ ಆಕ್ಸಲ್ಲಿನ ಮಾತೂ ಏಳುತ್ತದೆ, ಬಿಲ್ಲು ಬೆಳೆಯುತ್ತದೆ.

ಚಾಸಿಯನ್ನು ಬಿಚ್ಚಿ ಅಳೆಯುವ ಮುನ್ನವೇ ಒಟ್ಟು ಮೊತ್ತ ಬರೆದುಕೊಟ್ಟ ಮಾಲೀಕನು ಗ್ರಾಹಕನ ಟ್ರಕ್ಕಿನ ತುಕ್ಕನ್ನು ತನ್ನ ಲಾಭದಿಂದ ತುಂಬಿಕೊಡಬೇಕಾಗುತ್ತದೆ. ಬಿಚ್ಚುವ ಹಾಗೂ ಅಳೆಯುವ ಕೆಲಸಕ್ಕೆ ಪ್ರತ್ಯೇಕ ಶುಲ್ಕ ಪಡೆದು, ಉಳಿದುದಕ್ಕೆ ಅನಂತರ ದರ ಕೊಡುವುದೇ ಸೂಕ್ತ. ಮುಂಗಡವನ್ನು ಆದಾಯವೆಂದು ಭಾವಿಸದೆ, ಒಂದೊಂದು ವಾಹನಕ್ಕೂ ಬೇರೆ ಜಾಬ್ ಕಾರ್ಡ್ ಇಟ್ಟು ಸಾಮಗ್ರಿ, ಕೂಲಿ ಗಂಟೆಗಳನ್ನು ಅದರಲ್ಲಿಯೇ ನಮೂದಿಸಬೇಕು. ಬೆಸುಗೆಯನ್ನು ಎರಡನೆಯ ಬಾರಿ ಮಾಡಿದ ಗಂಟೆಗಳನ್ನು ಮರೆಮಾಚುವ ಅಭ್ಯಾಸ ಎಲ್ಲೆಡೆಯೂ ಉಂಟು. ನಷ್ಟದ ಮೂಲ ಬಹುಪಾಲು ಅಲ್ಲಿಯೇ ಅಡಗಿರುತ್ತದೆ.

ಭಾರತದ ವರ್ಕ್‌ಷಾಪ್‌ಗಳು ಈ ಕೆಲಸವನ್ನು ಯಥಾವತ್ತಾಗಿ ಅನುಕರಿಸುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕನ ಮೂಲ ನಿರ್ದಿಷ್ಟತೆಗೆ ಭಿನ್ನವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಬಿಡಿಭಾಗಗಳನ್ನು ಎರಕ ಹೊಯ್ದು, ಯಂತ್ರದಲ್ಲಿ ಕಡೆದು ರಫ್ತು ಮಾಡುವವರಿಗೆ ಈ ಕಲಮಿನ ತಡೆಯಿಲ್ಲ. ಆದರೆ ಸ್ಪಿಂಡಲ್ ಮುರಿದರೆ ಪ್ರಾಣಾಪಾಯ; ಅಮೆರಿಕದಲ್ಲಿ ದೋಷಯುಕ್ತ ಸರಕಿನ ಹೊಣೆ ತಯಾರಕನನ್ನೂ ತಟ್ಟುತ್ತದೆ. ಆದುದರಿಂದ ಪರೀಕ್ಷೆಯ ಖರ್ಚನ್ನೂ ಹೊಣೆಗಾರಿಕೆ ವಿಮೆಯ ಕಂತನ್ನೂ ಆರ್ಡರ್ ಬಂದ ಮೇಲಲ್ಲ, ದರ ನಮೂದಿಸುವಾಗಲೇ ವೆಚ್ಚಕ್ಕೆ ಸೇರಿಸಬೇಕಾಗುತ್ತದೆ.