ಕರಟದ ಕೆಂಡ, ಕಾಲು ಸಾರು

ಉಗಾದಿಯ ಮಾರನೇ ದಿನ ಹೊಸತೊಡಕು. ತಿಪಟೂರು, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಅವತ್ತು ಗುಡ್ಡೆಮಾಂಸ ಹಾಕುತ್ತಾರೆ. ಹತ್ತಾರು ಮನೆಯವರು ದುಡ್ಡು ಸೇರಿಸಿ ಮರಿ ತರುತ್ತಾರೆ. ಕೊಯ್ದು, ಬಾಡು, ಮೂಳೆ, ಈಲಿ ಎಲ್ಲವನ್ನೂ ಸಮಪಾಲಾಗಿ ಗುಡ್ಡೆ ಮಾಡುತ್ತಾರೆ. ತಲೆ, ಕಾಲು ಮಾತ್ರ ಗುಡ್ಡೆಗೆ ಸೇರುವುದಿಲ್ಲ. ಒಂದು ಮರಿಗೆ ಇರುವುದು ನಾಲ್ಕೇ ಕಾಲು; ಹಂಚಿದರೆ ಯಾರಿಗೂ ಸಾಲದು. ಹಾಗಾಗಿ ಅವನ್ನು ಬೇರೆಯಾಗಿ ಹರಾಜು ಕೂಗುತ್ತಾರೆ. ಕೂಗಿ ಪಡೆದವರ ಮನೆಯಲ್ಲಿ ಕೆಲಸ ಶುರುವಾಗುವುದು ಆಮೇಲೆ. ಕಾಲು ತಂದ ಕೂಡಲೇ ಪಾತ್ರೆಗೆ ಹಾಕುವಂತಿಲ್ಲ, ಮೊದಲು ಸುಡಬೇಕು.

ನೊಣವಿನಕೆರೆ ಕಡೆಯ ತೋಟದ ಮನೆಯೊಂದರಲ್ಲಿ ಈ ಕೆಲಸದಲ್ಲಿ ಕೈ ಪಳಗಿದ ಅಜ್ಜಿಯೊಬ್ಬರಿದ್ದಾರೆ. ಅಕ್ಕಪಕ್ಕದ ಮನೆಯವರೂ ಕಾಲು ತಂದು ಅವರ ಹಿತ್ತಿಲಿನಲ್ಲೇ ಇಳಿಸುತ್ತಾರೆ. ಮೂರು ಕಲ್ಲಿನ ಒಲೆ. ಪಕ್ಕದಲ್ಲಿ ಮೂರು ಬಗೆಯ ಉರುವಲು, ಮೂರೂ ತೆಂಗಿನದೇ. ಮೊದಲು ಒಣಗಿದ ಗರಿ. ಭಗ್ಗನೆ ಹತ್ತಿ ಅಷ್ಟೇ ಬೇಗ ಆರುವ ಆ ಉರಿಯಲ್ಲಿ ಕೂದಲು ಸೀಯುತ್ತದೆ, ಅಷ್ಟೆ. ಎರಡನೆಯದು ಕರಟ. ಅದು ಹೊತ್ತಿಕೊಂಡು ಕೆಂಡವಾದರೆ ಕಾವು ಜಾಸ್ತಿ, ಬೂದಿ ಕಡಿಮೆ. ಅದರ ಮೇಲೆ ಕಾಲನ್ನು ತಿರುವಿ ತಿರುವಿ ಹಿಡಿಯಬೇಕು. ಕೊನೆಗೆ ಕಾಯಿಮಟ್ಟೆ. ಮಟ್ಟೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಅಜ್ಜಿ ಕೆಂಡದ ಮೇಲೆ ಎರಡು ಮಟ್ಟೆ ಮಗುಚಿ, ಕಾಲುಗಳನ್ನು ಅದರ ಮೇಲಿಟ್ಟು, ಮಂಕರಿ ಮುಚ್ಚಿ ಎದ್ದು ಹೋಗುತ್ತಾರೆ. ಸಾರಿಗೆ ಆ ಹೊಗೆಯ ಘಮ ಹತ್ತುವುದು ಈ ಹೊತ್ತಿನಲ್ಲೇ.

"ಕೂದ್ಲು ಸುಟ್ರೆ ಸಾಲ್ದು ಕಣಪ್ಪ, ತೊಗ್ಲು ಬೇಯ್ಬೇಕು," ಎನ್ನುತ್ತಾರೆ ಅವರು. ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಎಷ್ಟು ಮಸಾಲೆ ಹಾಕಿದರೂ ಕೌಸು ಹೋಗುವುದಿಲ್ಲ. ಗೊರಸು ಕೀಳುವುದಕ್ಕೂ ಸಮಯವಿದೆ. ಬಿಸಿಗೆ ಅದರ ಬುಡ ಸಡಿಲಾಗುತ್ತದೆ. ಆರುವ ಮೊದಲೇ ಮಚ್ಚಿನ ಬೆನ್ನಿನಿಂದ ಒಂದೇಟು ಹಾಕಿದರೆ ಕಳಚಿಕೊಳ್ಳುತ್ತದೆ. ಆರಿಸಿಟ್ಟರೆ ಮತ್ತೆ ಬಿಗಿಯುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಅದರ ನಂತರದ ಕೆಲಸ. ಕುರಿಯ ಕಾಲು, ಮೇಕೆಯ ಕಾಲು ಬೆರೆತಿದ್ದರೆ ಅಜ್ಜಿ ಅವನ್ನು ಬೇರೆ ಬೇರೆ ಇಡುತ್ತಾರೆ. ಕುರಿಯ ಕಾಲಿನಲ್ಲಿ, ಎರಡು ಗೊರಸಿನ ಸಂದಿನಲ್ಲಿ, ಕೂದಲು ಮತ್ತು ಅಂಟು ತುಂಬಿದ ಒಂದು ಸಣ್ಣ ಚೀಲವಿರುತ್ತದೆ. ಅದು ವಾಸನೆಯ ಗ್ರಂಥಿ. ಮೇಕೆಗೆ ಅದಿಲ್ಲ. ಅಜ್ಜಿ ಪಶುವೈದ್ಯದ ಪುಸ್ತಕ ಓದಿದವರಲ್ಲ. ಆದರೆ ಕುರಿಯ ಕಾಲು ಕೈಗೆ ಬಂದ ಕೂಡಲೇ ಚೂರಿಯ ಮೊನೆ ಆ ಸಂದಿಗೇ ಹೋಗುತ್ತದೆ, ಗಂಟು ಇಡಿಯಾಗಿ ಹೊರಬರುತ್ತದೆ. ಮೇಕೆಯದಾದರೆ ಬರೀ ಹೆರೆದು ಮುಂದಕ್ಕೆ ತಳ್ಳುತ್ತಾರೆ. ಹೆರೆದ ಕಾಲು ಹೊಂಬಣ್ಣಕ್ಕೆ ಬಂದ ಮೇಲೆ ಅರಿಶಿನ ಉಜ್ಜಿ ತೊಳೆದು, ಕೊರಡಿನ ಮೇಲೆ ತುಂಡು ಮಾಡುತ್ತಾರೆ.

ಅಡುಗೆ ಸರಳ. ಶುಂಠಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಧನಿಯ, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ; ಜೊತೆಗೆ ಧಾರಾಳವಾಗಿ ಕೊಬ್ಬರಿ. ಹಿಂದೆ ಮಡಕೆಯಲ್ಲಿಟ್ಟು ರಾತ್ರಿಯಿಡೀ ಕೆಂಡದ ಮೇಲೆ ಬಿಡುತ್ತಿದ್ದರು. ಈಗ ಕುಕ್ಕರ್. ನರ, ತೊಗಲುಗಳಲ್ಲಿರುವ ಕೊಲಾಜೆನ್ ನಿಧಾನದ ಕಾವಿನಲ್ಲಿ ಕರಗಿ ಜಿಲಾಟಿನ್ ಆಗುತ್ತದೆ. ಸಾರು ತುಟಿಗೆ ಅಂಟುವುದು, ಆರಿದರೆ ಗಟ್ಟಿಯಾಗುವುದು ಅದರಿಂದಲೇ. ಬಾಣಂತಿಯರಿಗೆ, ಮೂಳೆ ಮುರಿದುಕೊಂಡವರಿಗೆ ಕಾಲು ಸಾರು ಕೊಡುವ ರೂಢಿ ಇಲ್ಲಿ ಹಳೆಯದು. ಅವರೆ ಕಾಲದಲ್ಲಿ ಕಾಳು ಹಾಕಿ ಮಾಡಿದರೆ ಮುದ್ದೆಗೆ ಬೇರೇನೂ ಬೇಡ.

ಹಂದಿ ತಿನ್ನುವ ಮನೆಗಳಲ್ಲೂ ಬೆಂಕಿಯದೇ ಕೆಲಸ. ಇಡೀ ಹಂದಿಯನ್ನು ಸೋಗೆಯ ಉರಿಯಲ್ಲಿ ಸುಟ್ಟು ಹೆರೆಯುತ್ತಾರೆ, ತೊಗಲು ಬಿಡಿಸುವುದಿಲ್ಲ. ಮೊಣಕಾಲಿನ ತುಂಡು ಸಾರಿಗೆ ಹೋಗುತ್ತದೆ. ಕೊಡಗಿನಲ್ಲಿ ಮಾಂಸವನ್ನು ಒಲೆಯ ಮೇಲೆ ಕಟ್ಟಿ ಹೊಗೆಯಲ್ಲಿ ಒಣಗಿಸಿಡುತ್ತಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಉಪ್ಪು ಹಾಕಿ ಹೊಗೆ ಕೊಟ್ಟ ಹಂದಿಯ ಮೊಣಕಾಲನ್ನು ಒಣ ಕಾಳುಗಳ ಜೊತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ನಮ್ಮ ಅವರೆಕಾಳಿನ ಕಾಲು ಸಾರು ಉಂಡವರಿಗೆ ಆ ಪಾತ್ರೆಯ ರುಚಿ ಊಹಿಸುವುದು ಕಷ್ಟವಲ್ಲ.

ಕುರಿಗೂ ತೆಂಗಿಗೂ ಈ ಸೀಮೆಯಲ್ಲಿ ನಂಟು ಹಳೆಯದು. ಚಿಕ್ಕನಾಯಕನಹಳ್ಳಿ ಕಂಬಳಿಗೆ ಹೆಸರಾದ ಊರು. ತಿಪಟೂರು ಉಂಡೆ ಕೊಬ್ಬರಿಗೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸುಲಿಯದೆ ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದ ಮೇಲಿಡಬೇಕು, ಒಳಗಿನ ನೀರು ಇಂಗಿ ಗಿಟುಕು ಕರಟದಿಂದ ಬಿಡುವವರೆಗೆ. ಹಳೆಯ ಮನೆಗಳಲ್ಲಿ ಅಟ್ಟದ ಕೆಳಗೇ ಒಲೆ ಇರುತ್ತಿತ್ತು. ಅದರ ಹೊಗೆ ಮೇಲಿನ ಕಾಯಿಯ ತೇವ ತೆಗೆಯುತ್ತಿತ್ತು, ಒಲೆಯ ಮೇಲೆ ಹಗ್ಗಕ್ಕೆ ಪೋಣಿಸಿದ ಕೊರಬಾಡಿಗೂ ಹತ್ತುತ್ತಿತ್ತು. ಆರ್‌ಸಿಸಿ ಮನೆ ಬಂದ ಮೇಲೆ ಕಾಯಿಗೆ ತೋಟದಲ್ಲಿ ಬೇರೆ ಶೆಡ್, ಅಡುಗೆಗೆ ಗ್ಯಾಸ್.

ಉರುವಲಿಗೂ ಈಗ ಬೆಲೆ ಬಂದಿದೆ. ಕರಟ ಇದ್ದಿಲಿನ ಗೂಡಿಗೆ ಹೋಗುತ್ತದೆ. ಅಲ್ಲಿಂದ ನೀರು ಶುದ್ಧಿ ಮಾಡುವ ಸಕ್ರಿಯ ಇಂಗಾಲವಾಗಲು ಕಾರ್ಖಾನೆಗೆ. ಮಟ್ಟೆ ನಾರಿನ ಕಾರ್ಖಾನೆಗೆ. ರೋಗ, ನುಸಿ, ಕೊಬ್ಬರಿ ದರದ ಏರಿಳಿತಗಳ ನಡುವೆ ತೋಟದವರಿಗೆ ಆ ನಾಲ್ಕು ಕಾಸೂ ಬೇಕು, ಅದರಲ್ಲಿ ತಪ್ಪಿಲ್ಲ. ಪೇಟೆಯ ಅಂಗಡಿಗಳಲ್ಲಿ ಕಾಲನ್ನು ಗ್ಯಾಸ್ ಬೆಂಕಿ ಹಾಯಿಸಿ ನಿಮಿಷಗಳಲ್ಲಿ ಕಪ್ಪು ಮಾಡಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಬಿಸಿನೀರಲ್ಲಿ ಅದ್ದಿ ಕೂದಲು ತೆಗೆದ ಬಿಳಿ ಕಾಲುಗಳು ಪ್ಯಾಕೆಟ್ಟಿನಲ್ಲೇ ಸಿಗುತ್ತವೆ. ಅವುಗಳಿಂದಲೂ ಸಾರು ಆಗುತ್ತದೆ, ಗಟ್ಟಿಯೂ ಬರುತ್ತದೆ. ಹೊಗೆಯ ರುಚಿ ಮಾತ್ರ ಬರುವುದಿಲ್ಲ. ಪೇಟೆಯಲ್ಲಿರುವವರಿಗೂ ನನ್ನದೊಂದು ಕೋರಿಕೆ: ತಾರಸಿಯ ಮೇಲೆ ಒಂದು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹತ್ತು ಕರಟ ಹೊತ್ತಿಸಿ, ಸುಡದ ಕಾಲು ಕೇಳಿ ತಂದು, ಒಮ್ಮೆ ನೀವೇ ಸುಟ್ಟು ನೋಡಿ.

ನೊಣವಿನಕೆರೆಯ ಆ ಮನೆಯಲ್ಲಿ ಸಾರಿನ ಹೊಣೆ ಈಗ ಸೊಸೆಯದು. ಸುಡುವುದಕ್ಕೆ ಇನ್ನೂ ಅಜ್ಜಿಯೇ ಕೂರಬೇಕು, ಆ ಗಂಟು ತೆಗೆಯುವ ಕೈ ಬೇರೆ ಯಾರಿಗೂ ಬಂದಿಲ್ಲ. ಮಟ್ಟೆಯ ರಾಶಿಯನ್ನು ಲಾರಿಯವರಿಗೆ ಕೊಡುವಾಗಲೆಲ್ಲ ಅವರು ಮಗನ ಹತ್ತಿರ ಜಗಳವಾಡಿ ಎರಡು ಮಂಕರಿ ಹಿತ್ತಿಲಿಗೆ ಹಾಕಿಸಿಕೊಳ್ಳುತ್ತಾರೆ, ಹೊಸತೊಡಕಿಗೆ ಬೇಕೆಂದು.