ಬೂಸಾ ಪಕ್ಕ ವಿಷ ಬೇಡ

ನಮ್ಮೂರ ಕಿರಾಣಿ ಅಂಗಡಿಯಿಂದ ತಂದ ಬೂಸಾ ಮೂಸಿದ ಹಸು ಮುಖ ತಿರುಗಿಸಿತು. ಚೀಲಕ್ಕೆಲ್ಲ ತೊಗರಿಗೆ ಹೊಡೆಯುವ ಔಷಧಿಯ ನಾತ! ಹೋಗಿ ನೋಡಿದರೆ ಔಷಧಿ ಬಾಟಲಿ, ಬೂಸಾ, ಅಕ್ಕಿ ಎಲ್ಲ ಒಂದೇ ಮೂಲೆಯಲ್ಲಿ.

ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟೆ. ಪರವಾನಗಿ ಮರುಪರಿಶೀಲನೆಯ ದಿನ ಕೆಲವರು, 'ಸಾಲ ಕೊಡೋ ಅಂಗಡಿ, ಮುಚ್ಚಿಸ್‌ಬ್ಯಾಡ ಕಣಣ್ಣ' ಅಂದರು. ಅಲ್ಲಿ ನನ್ನ ಬಾಕಿಯೂ ಇದೆ. ಮುಚ್ಚಿಸುವುದು ನನಗೂ ಬೇಕಿರಲಿಲ್ಲ. ಆದರೆ 1971ರ ಕೀಟನಾಶಕ ನಿಯಮಗಳ ಪ್ರಕಾರ ಜನ, ದನ ತಿನ್ನುವ ಪದಾರ್ಥ ಮಾರುವ ಕಟ್ಟಡದಲ್ಲಿ ಬೆಳೆಗೆ ಹೊಡೆಯುವ ವಿಷ ಇಡುವಂತಿಲ್ಲ. ಅದನ್ನೇ ಹೇಳಿದೆ.

ಔಷಧಿ ಬೇರೆ ಕಟ್ಟಡಕ್ಕೆ ಹೋದರಷ್ಟೇ ನವೀಕರಣ ಎಂದು ಪಂಚಾಯಿತಿ ಷರತ್ತು ಹಾಕಿತು. ಅಂಗಡಿಯವರು ಒಪ್ಪಿದರು, ನನ್ನೊಡನೆ ಮಾತು ಬಿಟ್ಟಿದ್ದಾರೆ.

ರೈತ ಬಾಂಧವರೇ, ಬೂಸಾ ಕೊಳ್ಳುವ ಮುನ್ನ ಅಂಗಡಿಯೊಳಗೆ ಒಮ್ಮೆ ಕಣ್ಣಾಡಿಸಿ.