ಕಾಲೇಜು ಫೀಸಿಗೆ ಬೆಳೆಸಾಲ ಮುಟ್ಟಬೇಡಿ: ಶಿಕ್ಷಣ ಸಾಲದ ಲೆಕ್ಕ ಹೀಗಿದೆ

ಈ ವಾರ ಗೊಬ್ಬರ, ಕೊಳೆರೋಗದ ಮಾತಿಲ್ಲ. ಆನವಟ್ಟಿ ಕಡೆ ಮಳೆ ಹಿಡಿದು ಸಸಿಮಡಿ, ಶುಂಠಿ ಕೆಲಸ ಜೋರಾಗೋ ಹೊತ್ತಿಗೇ ಸಿಇಟಿ ಸೀಟಿನ ಫೀಸೂ ಬಂದು ನಿಲ್ಲತ್ತೆ. ಕೈಯಲ್ಲಿದ್ದ ದುಡ್ಡು ಆಗಲೇ ಹೊಲಕ್ಕೆ ಹೋಗಿರತ್ತೆ. ಆಗ ನಮ್ಮ ಮನೆಗಳಲ್ಲಿ ಮಾಡೋದು ಏನು? ಸೊಸೈಟಿ ಬೆಳೆಸಾಲ ಎತ್ತಿ ಫೀಸು ಕಟ್ಟೋದು, ಇಲ್ಲಾ ಅಮ್ಮನ ಸರ ಅಡ ಇಡೋದು, ಇಲ್ಲಾ ಅಡಿಕೆ ಮೇಲೆ ಮಂಡಿಯಲ್ಲಿ ಮುಂಗಡ ತರೋದು. ತಮ್ಮ-ತಂಗಿ ಓದಿಸೋ ಹೊಣೆ ಹೊತ್ತ ಎಷ್ಟೋ ಹುಡುಗರು ನನ್ನ ಹತ್ರ ಇದನ್ನೇ ಕೇಳ್ತಾರೆ.

ಬೆಳೆಸಾಲ ಅಗ್ಗ ಅನ್ನೋದು ನಿಜ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲ. ಆದರೆ ಅದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕಾಲೇಜು ನಾಲ್ಕು ವರ್ಷ, ಬೆಳೆಸಾಲದ ಗಡುವು ಒಂದು ಬೆಳೆಯದ್ದು. ಫೀಸಿಗೆ ಹೋದ ದುಡ್ಡು ಬೆಳೆಯಾಗಿ ವಾಪಸ್ ಬರಲ್ಲ. ಗಡುವು ತಪ್ಪಿದ್ರೆ ಬಡ್ಡಿ ಬೀಳತ್ತೆ, ಮುಂದಿನ ವರ್ಷದ ಸಾಲ ನಿಲ್ಲತ್ತೆ. ಬ್ಯಾಂಕಿನ ಕೆಸಿಸಿ ಸಾಲವಾಗಿದ್ರೆ ಅಪ್ಪನ ಸಿಬಿಲ್‌ನಲ್ಲಿ ಬಾಕಿ ಅಂತ ಕೂರತ್ತೆ. ಶಿಕ್ಷಣ ಸಾಲಕ್ಕೆ ಜೊತೆಗೆ ಸಹಿ ಹಾಕಬೇಕಾದವರೂ ಅದೇ ಅಪ್ಪ!

ಸರ್ಕಾರ ಸಾಲ ಕೊಡತ್ತಾ?

ಬಹುಪಾಲು ಇಲ್ಲ. ಸಾಲ ಕೊಡೋದು ಬ್ಯಾಂಕು. ಸರ್ಕಾರ ಬಡ್ಡಿಯಲ್ಲಿ ಪಾಲು ಹೊರತ್ತೆ, ಸಾಲಕ್ಕೆ ಖಾತ್ರಿ ನಿಲ್ಲತ್ತೆ. ಇದಕ್ಕೆ ಹೊರತು ಅಂದ್ರೆ ರಾಜ್ಯದ ನಿಗಮಗಳು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಶೇ 2ರ ಬಡ್ಡಿಗೆ ಸಾಲ ಇದೆ. ಅಲ್ಪಸಂಖ್ಯಾತರ ನಿಗಮದಲ್ಲೂ ಅರಿವು ಇದೆ. ಮೊದಲು ಇದನ್ನ ನೋಡಿ, ಶೇ 2ಕ್ಕೆ ಬೇರೆಲ್ಲೂ ಸಿಗಲ್ಲ. ಅರ್ಜಿ ಕರೆಯೋ ಕಾಲ ಸಣ್ಣದು, ಅದನ್ನ ಗಮನಿಸ್ತಾ ಇರಬೇಕು. ಪರಿಶಿಷ್ಟ ಜಾತಿ, ಪಂಗಡದ ಮನೆಯವರು ಸಾಲಕ್ಕಿಂತ ಮೊದಲು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಅದರಲ್ಲೇ ಮುಗಿಯೋದಕ್ಕೆ ಸಾಲ ಯಾಕೆ?

ಕೇಂದ್ರದ್ದು ಪಿಎಂ ವಿದ್ಯಾಲಕ್ಷ್ಮಿ. 2024ರ ನವೆಂಬರ್ 6ರಂದು ಸಂಪುಟ ಒಪ್ಪಿದ ಯೋಜನೆ. ಆಗ ಗುರುತಿಸಿದ್ದು ದೇಶದ 860 ವಿದ್ಯಾಸಂಸ್ಥೆಗಳು. ಆ ಪಟ್ಟಿಯ ಕಾಲೇಜಲ್ಲಿ ಸೀಟು ಸಿಕ್ಕಿದ್ರೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ, ಬಡ್ಡಿ ರಿಯಾಯಿತಿ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ಸಹಾಯ ಉಂಟು, ವರ್ಷಕ್ಕೆ ಇಡೀ ದೇಶದಲ್ಲಿ ಒಂದು ಲಕ್ಷ ಮಕ್ಕಳಿಗೆ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆದ್ರೆ ಬೇರೆಯೇ ಯೋಜನೆ ಇದೆ. ಓದೋ ಅವಧಿ ಮತ್ತು ಮೇಲೊಂದು ವರ್ಷದ ಪೂರ್ತಿ ಬಡ್ಡಿಯನ್ನ ಕೇಂದ್ರವೇ ಕಟ್ಟತ್ತೆ. ಇದು 2009ರಿಂದ ನಡೀತಿದೆ. ಕಾಲೇಜು ನ್ಯಾಕ್ ಅಥವಾ ಸಂಬಂಧಪಟ್ಟ ನಿಯಂತ್ರಣ ಸಂಸ್ಥೆಯ ಮಾನ್ಯತೆ ಪಡೆದಿರಬೇಕು, ಸೇರೋ ಮೊದಲೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ಮಧ್ಯೆ ಓದು ಬಿಟ್ರೆ ಸಹಾಯಧನ ಹೋಗತ್ತೆ, ಅನಾರೋಗ್ಯದ ಕಾರಣ ಆದ್ರೆ ವಿನಾಯಿತಿ ಇದೆ.

ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತಗೊಂಡ್ರಿ, ಬಡ್ಡಿ ಶೇ 10 ಅಂತಿಟ್ಕೊಳ್ಳಿ. ಓದೋವಾಗ ಕಂತಿಲ್ಲ, ಮುಗಿದ ಮೇಲೂ ಒಂದು ವರ್ಷ ಬಿಡುವು. ಆದರೆ ಬಡ್ಡಿಗೆ ಬಿಡುವಿಲ್ಲ. ಮೊದಲ ಲಕ್ಷಕ್ಕೆ 5 ವರ್ಷ, ಎರಡನೇದಕ್ಕೆ 4, ಆಮೇಲೆ 3, 2. ಒಟ್ಟು 1.40 ಲಕ್ಷ ಸರಳ ಬಡ್ಡಿ. ಕಂತು ಶುರುವಾಗೋ ದಿನ ನಿಮ್ಮ ಸಾಲ 4 ಲಕ್ಷ ಅಲ್ಲ, 5.40 ಲಕ್ಷ. ಹತ್ತು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಪೂರ್ತಿ ಬಡ್ಡಿ ಸರ್ಕಾರ ಕಟ್ಟಿದ್ರೆ ಸುಮಾರು 5,300. ಶೇ 3ರ ಸಹಾಯ ಸಿಕ್ಕಿದ್ರೆ 1.40 ಲಕ್ಷದಲ್ಲಿ 42,000 ಇಳಿಯತ್ತೆ.

ಏನೂ ಸಿಗದವರು ಆಗಿಂದಾಗ್ಗೆ ಬಡ್ಡಿ ಮಾತ್ರ ಕಟ್ತಾ ಹೋಗಿ. ಮೊದಲ ವರ್ಷ ತಿಂಗಳಿಗೆ 833 ರೂಪಾಯಿ ಬರತ್ತೆ. ಎರಡು ಹಸು ಇದ್ದ ಮನೆಗೆ ಡೇರಿ ದುಡ್ಡಲ್ಲೇ ಹೋಗತ್ತೆ. ಹೀಗೆ ಕಟ್ಟೋರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ಕಡಿಮೆ ಮಾಡ್ತವೆ, ಸಾಲದ ಪತ್ರಕ್ಕೆ ಸಹಿ ಹಾಕೋ ಮೊದಲೇ ಕೇಳಿ.

ಅರ್ಜಿ

ಪಟ್ಟಿಯ ಕಾಲೇಜಾದ್ರೆ ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಹಾಕಬಹುದು. 2015ರ ಆಗಸ್ಟ್ 15ರಂದು ಶುರುವಾದ ಹಳೇ ವಿದ್ಯಾಲಕ್ಷ್ಮಿಯಲ್ಲಿ ಒಂದೇ ಅರ್ಜಿ ಮೂರು ಬ್ಯಾಂಕಿಗೆ ಹೋಗತ್ತೆ. ಅರ್ಜಿ ಹಾಕಿ ಸುಮ್ನೆ ಕೂರಬೇಡಿ, ಸಂಖ್ಯೆ ಬರ್ಕೊಂಡು ಶಾಖೆಗೆ ಹೋಗಿ. ನನ್ನ ಅನುಭವದಲ್ಲಿ ಅಪ್ಪ-ಅಮ್ಮನ ಖಾತೆ ಇರೋ ಊರಿನ ಶಾಖೆಯಲ್ಲೇ ಕೆಲಸ ಬೇಗ ಆಗತ್ತೆ.

ಕಾಗದದಲ್ಲಿ ಎರಡು ಕಡೆ ಜನ ಸಿಕ್ಕಿಕೊಳ್ತಾರೆ. ಒಂದು, ಹೆಸರು. ಅಪ್ಪನ ಹೆಸರು ಆಧಾರ್‌ನಲ್ಲೊಂದು ಥರ, ಪ್ಯಾನ್‌ನಲ್ಲೊಂದು ಥರ, ಮಗನ ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಫಲಿತಾಂಶ ಬರೋಕೆ ಮುಂಚೆಯೇ ಇದನ್ನ ಸರಿಮಾಡಿಸಿ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರವನ್ನೂ ಮಾಡಿಸಿಟ್ಕೊಳ್ಳಿ. ಇನ್ನೊಂದು, ಕಾಲೇಜು ಕೊಡೋ ಖರ್ಚಿನ ಪಟ್ಟಿ. ಬರೀ ಬೋಧನಾ ಶುಲ್ಕ ಬರೆಸಿಕೊಂಡು ಬರ್ತಾರೆ. ಹಾಸ್ಟೆಲ್, ಊಟ, ಪುಸ್ತಕ, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್ ಎಲ್ಲಕ್ಕೂ ಸಾಲದಲ್ಲಿ ಜಾಗ ಇದೆ. ವರ್ಷವಾರು ಬರೆಸಿ, ಸೀಲ್ ಹಾಕಿಸಿ.

ಪಹಣಿ ಕೇಳಿದ್ರೆ? 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳೋ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆ. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತ್ರಿ ನಿಧಿ ಇದೆ. ಅದರ ಮೇಲೆ ಹೋದ್ರೆ, ಪಟ್ಟಿಯ ಕಾಲೇಜಲ್ಲದಿದ್ರೆ, ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳ್ತಾರೆ. ನಾನು ತೋಟಗಾರಿಕೆ ಓದೋಕೆ ಹೊರಟಾಗ ಒಂದು ಶಾಖೆಯಲ್ಲಿ ನಮ್ಮ ಜಮೀನಿನ ಕಾಗದ ಕೇಳಿದ್ರು, ಸಾಲ 4 ಲಕ್ಷದ ಒಳಗಿತ್ತು. 'ಸರ್, ಇದನ್ನ ಬರವಣಿಗೆಯಲ್ಲಿ ಕೊಡಿ' ಅಂದೆ. ಆಮೇಲೆ ಕೇಳಲಿಲ್ಲ. ನೀವೂ ಹಾಗೇ ಕೇಳಿ, ಜಗಳ ಬೇಡ. ಲಿಖಿತ ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ರೆ ಅಥವಾ ಒಪ್ಪದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು. ಮಾಹಿತಿಗೆ 14448, ದುಡ್ಡು ಕೊಡಬೇಕಿಲ್ಲ.

ಓದಿ ಊರಿಗೇ ವಾಪಸ್ ಬರೋರಿಗೆ ಒಂದು ಮಾತು. ಸಾಲದ ಕಂತು ಕೆಲಸದಲ್ಲಿರೋರ ಸಂಬಳ ನೋಡಿ ಮಾಡಿದ್ದು, ತಿಂಗಳಿಗೊಮ್ಮೆ ಬಂದೇ ಬರತ್ತೆ. ನಮ್ಮ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರೋದು. ನಾನು ಶುಂಠಿ, ಅಡಿಕೆ ಮಾರಿದ ವಾರವೇ ಮುಂದಿನ ಎಂಟು ಕಂತಿನಷ್ಟು ಬೇರೆ ಖಾತೆಗೆ ಹಾಕಿ, ಕಂತು ಅಲ್ಲಿಂದಲೇ ಕಡಿತ ಆಗೋ ಹಾಗೆ ಮಾಡ್ಕೊಂಡಿದ್ದೆ. ಆ ಖಾತೆಯ ಎಟಿಎಂ ಕಾರ್ಡನ್ನೇ ತಗೊಂಡಿರಲಿಲ್ಲ. ರೇಟು ಬಿದ್ದ ವರ್ಷ ಬ್ಯಾಂಕಿಗೆ ಮೊದಲೇ ಹೋಗಿ ಅವಧಿ ಉದ್ದ ಮಾಡೋಕೆ ಕೇಳಿ, ಹದಿನೈದು ವರ್ಷದವರೆಗೂ ಅವಕಾಶ ಇರತ್ತೆ. ಕಂತು ತಪ್ಪಿದ ಮೇಲೆ ಹೋದ್ರೆ ಮಾತಾಡೋ ರೀತಿಯೇ ಬೇರೆ ಇರತ್ತೆ.

ಈಗಾಗಲೇ ಸಾಲ ಮಂಜೂರಾದವರು ಪ್ರತಿ ವರ್ಷದ ಅಂಕಪಟ್ಟಿಯನ್ನ ಶಾಖೆಗೆ ಕೊಡೋದು ಮರೀಬೇಡಿ, ಮುಂದಿನ ವರ್ಷದ ಫೀಸು ಬಿಡುಗಡೆ ಮಾಡೋಕೆ ಅದನ್ನ ಕೇಳ್ತಾರೆ.